ಇಪ್ಪತ್ತೆಂಟು ಕೊಡ ಜೀವ

ಬಾಟಲಿ ಕಂಡರೆ ಅಂಬರೀಷನ ಮೈ ಉರಿಯುತ್ತಿತ್ತು. ಸಾರಾಯಿ ಬಾಟಲಿ ಅಲ್ಲ, ನೀರಿನ ಬಾಟಲಿ. ಮೂರು ವರ್ಷದಲ್ಲಿ ನಾಲ್ಕು ಸಲ ಮಾಲಿನ್ಯ ತಡೆಯುವ ಇಲಾಖೆಯವರು ಜೀಪಿನಲ್ಲಿ ಬಂದು, ಮೂಗಿಗೆ ಕರವಸ್ತ್ರ ಹಿಡಿದು, ಹಗ್ಗ ಕಟ್ಟಿದ ಬಾಟಲಿಯನ್ನು ಹಳ್ಳಕ್ಕೆ ಇಳಿಬಿಟ್ಟು ನೀರು ತುಂಬಿಕೊಂಡು ಹೋಗಿದ್ದರು. ನಾಲ್ಕು ಸಲವೂ ಬಂದ ಕಾಗದ ಒಂದೇ: ನೀರು ಮಿತಿಯೊಳಗಿದೆ. ಯಾರ ಮಿತಿ, ಎಂಥ ಮಿತಿ ಎಂದು ಕೇಳಿದರೆ ಹೇಳುವವರಿಲ್ಲ.

ಮಿತಿಯೊಳಗಿರದೆ ಮತ್ತೇನು ಮಾಡೀತು? ಜೀಪು ಹೊರಡುವ ಹಿಂದಿನ ದಿನವೇ ಮೇಲಿನ ಪ್ಲೇಟಿಂಗ್ ಶೆಡ್ಡಿಗೆ ಫೋನು ಹೋಗಿರುತ್ತಿತ್ತು. ಲಕಮನಹಳ್ಳಿಯ ಕಾರ್ಖಾನೆಗಳನ್ನೆಲ್ಲ ದಾಟಿ, ಹಳ್ಳದ ದಂಡೆಗೆ ಒಂಟಿಯಾಗಿ ನಿಂತ ತಗಡಿನ ಶೆಡ್ಡು ಅದು. ಕಬ್ಬಿಣದ ನಟ್ಟು ಬೋಲ್ಟುಗಳಿಗೆ ಸತುವಿನ ಹೊಳಪು ಕೊಡುವುದು ಅವರ ಒಂದು ಕೆಲಸ. ಉಳಿದ ಆಸಿಡ್ ನೀರನ್ನು ಜಾಲಿಕಂಟಿಯೊಳಗೆ ಹುದುಗಿಸಿದ ಪೈಪಿನಿಂದ ಹಳ್ಳಕ್ಕೆ ಬಿಡುವುದು ಇನ್ನೊಂದು ಕೆಲಸ. ಕೇಳಿದರೆ, ನಮ್ಮ ಶೆಡ್ಡಿಗೆ ಹೊರಪೈಪೇ ಇಲ್ಲ, ಒಂದು ಹನಿಯೂ ಹೊರಗೆ ಹೋಗುವುದಿಲ್ಲ ಎಂದು ಮ್ಯಾನೇಜರ ಗುರುಪಾದ ಸಹಿ ಮಾಡಿ ಬರೆದುಕೊಟ್ಟಿದ್ದ.

ಆ ಹಳ್ಳದಲ್ಲಿ ಮೊಣಕಾಲಮಟ ನಿಂತು ಚೀಲ ತೊಳೆಯುವವರು ಅಂಬರೀಷನ ಕೇರಿಯ ಹೆಂಗಸರು. ಹುಬ್ಬಳ್ಳಿ ಪೇಟೆಯಿಂದ ಹಿಂಡಿಯ ಚೀಲ, ಗೊಬ್ಬರದ ಚೀಲ, ಸಿಮೆಂಟಿನ ಚೀಲ ಗಾಡಿಗಟ್ಟಲೆ ಬರುತ್ತವೆ. ತೊಳೆದು, ಒಣಗಿಸಿ, ಹರಿದಲ್ಲಿ ಹೊಲಿದು ತಿರುಗಿ ಗಾಡಿಗೆ ಹೇರಬೇಕು. ಅಂಬರೀಷನ ಅಜ್ಜಿ ಯಂಕವ್ವ ಅದರಲ್ಲೇ ನಲವತ್ತು ವರ್ಷ ಕಳೆದವಳು. ಅವನನ್ನೂ ಅವನ ತಂಗಿ ನೀಲಾಳನ್ನೂ ಅದೇ ಚೀಲಗಳ ಮೇಲೆ ಸಾಕಿದವಳು. ಶೆಡ್ಡು ಬಂದ ಮೇಲೆ ಮೊದಲು ಬೆರಳ ಸಂದಿಯಲ್ಲಿ ನಂಜಾಯಿತು, ಆಮೇಲೆ ಹಿಮ್ಮಡಿ ಸೀಳಿತು, ಈಗ ಮೊಣಕಾಲ ತನಕ ಚರ್ಮ ಎದ್ದು ಹೋಗಿ ಕೆಂಪಗೆ ಹಸಿಹಸಿ ಕಾಣುತ್ತದೆ. ನೀಲಾಳಿಗೆ ಹತ್ತೊಂಬತ್ತು. ಕಾಲು ಮಾತ್ರ ಅಜ್ಜಿಯವು. ಸರಕಾರಿ ದವಾಖಾನೆಯ ಡಾಕ್ಟರು ಮುಲಾಮು ಬರೆದುಕೊಟ್ಟು, ನೀರಿಗೆ ಇಳಿಯಬೇಡಿ ಎಂದಿದ್ದರು. ಮುಲಾಮು ಸಿಕ್ಕಿತು. ನೀರಿಗೆ ಇಳಿಯದೆ ಉಣ್ಣುವುದು ಹೇಗೆಂದು ಆ ಚೀಟಿಯಲ್ಲಿ ಬರೆದಿರಲಿಲ್ಲ.

ಅಂಬರೀಷನಿಗೆ ಬೇಕಾದದ್ದು ಒಂದೇ: ಆ ಪೈಪು ಮುಚ್ಚಬೇಕು. ಅವನು ಒಂಬತ್ತನೇ ಇಯತ್ತೆಯಲ್ಲಿ ಸಾಲಿ ಬಿಟ್ಟವನು, ಬೈಪಾಸಿನ ಸರ್ವಿಸಿಂಗ್ ಸೆಂಟರಿನಲ್ಲಿ ಕಾರು ತೊಳೆಯುವವನು. ಅವನ ಅರ್ಜಿಗೆ ಬೆಲೆ ಎಲ್ಲಿಂದ ಬರಬೇಕು? ಬರೆದ, ಹರಿದ, ಮತ್ತೆ ಬರೆದ. ಶೆಡ್ಡಿನ ಗೇಟಿಗೆ ಹೋಗಿ ಬೈದು ಬಂದ. ಒಮ್ಮೆ ವಾಚಮನ್ನನ ಕೊರಳಪಟ್ಟಿ ಹಿಡಿದು ಠಾಣೆಯಲ್ಲಿ ಒಂದು ದಿನ ಕೂತೂ ಬಂದ.

ಸೌಮ್ಯಾ ಮೇಡಂ ಸಿಕ್ಕದ್ದು ಅದಾದ ಮೇಲೆ. ಧಾರವಾಡದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಗುತ್ತಿಗೆ ಮಾಸ್ತರಿಣಿ. ಒಂದು ಭಾನುವಾರ ಸಲ್ವಾರಿನ ಮೇಲೆ ರಬ್ಬರ್ ಬೂಟು ಏರಿಸಿಕೊಂಡು ಹಳ್ಳದಲ್ಲಿ ಬಗ್ಗಿ ಕಲ್ಲು ಮಗುಚುತ್ತಿದ್ದರು. ಹೆಂಗಸರ ಫೋಟೋ ತೆಗೆಯಲು ಬಂದವರೆಂದು ತಿಳಿದು ಅಂಬರೀಷ ದಂಡೆಯಿಂದಲೇ ಕೂಗಾಡಿದ. ಅವರು ಉತ್ತರ ಕೊಡಲಿಲ್ಲ. ಮಗುಚಿದ ಕಲ್ಲನ್ನು ಅವನ ಕೈಗೆ ಕೊಟ್ಟರು. ಕಲ್ಲಿನ ಹೊಟ್ಟೆಗೆ ದಾರದಂಥ ಕೆಂಪು ಹುಳ ಬಿಟ್ಟರೆ ಮತ್ತೇನೂ ಇರಲಿಲ್ಲ. ಆಮೇಲೆ ಅವನನ್ನು ಕರೆದುಕೊಂಡು ಶೆಡ್ಡಿನಿಂದ ಮೇಲೆ ಮುಕ್ಕಾಲು ಕಿಲೋಮೀಟರು ನಡೆದು, ಶಾಂತಯ್ಯನವರ ಹೊಲದ ಸೆಲೆಯ ಹತ್ತಿರ ಅದೇ ಹಳ್ಳದಲ್ಲಿ ಇನ್ನೊಂದು ಕಲ್ಲು ಮಗುಚಿದರು. ಅಲ್ಲೊಂದು ಊರೇ ಇತ್ತು. ಬಾಲಕ್ಕೆ ಮೂರು ಎಳೆ ಇರುವ ಚಪ್ಪಟೆ ಹುಳ, ಮರಳಿನ ಕಾಳು ಅಂಟಿಸಿಕೊಂಡು ಮೈಸುತ್ತ ಮನೆ ಕಟ್ಟಿಕೊಂಡ ಹುಳ, ಏರೋಪ್ಲೇನ್ ಚಿಟ್ಟೆಯ ಮರಿ, ಶಂಖದ ಹುಳ, ಬೆರಳುಗುರಿನಷ್ಟು ಏಡಿ.

“ಬಾಟ್ಲಿ ಅಂದ್ರ ಒಂದು ಫೋಟೋ ಇದ್ದಂಗ. ಆ ಹೊತ್ತಿನ ನೀರಷ್ಟ ತೋರಸ್ತದ,” ಎಂದರು ಮೇಡಂ. “ಇವು ತಿಂಗಳಗಟ್ಲೆ ಇಲ್ಲೇ ಸಂಸಾರ ಮಾಡ್ತಾವ. ನೀರು ಕೆಟ್ರ ಮೊದಲು ಹೋಗೂದು ಈ ಮೂರು ಬಾಲದ್ದು. ಎಲ್ಲಾ ಕೆಟ್ಟ ಮ್ಯಾಲೂ ಉಳಿಯೂದು ಕೆಂಪು ಹುಳ.”

“ಹುಳಕ್ಕ ಯಾರೂ ಹಿಂದಿನ ದಿನ ಫೋನ್ ಮಾಡಂಗಿಲ್ಲ ಅನ್ರಿ,” ಎಂದ ಅಂಬರೀಷ. ಎಷ್ಟೋ ದಿನದ ಮೇಲೆ ಅವನಿಗೆ ನಗು ಬಂದಿತ್ತು.

ಹದಿನಾಲ್ಕು ತಿಂಗಳು ಒಂದು ಭಾನುವಾರವನ್ನೂ ಬಿಡದೆ ಇಬ್ಬರೂ ಹಳ್ಳ ಸೋಸಿದರು. ಮೂರು ನಿಮಿಷ ತಳ ಕೆದರಬೇಕು, ಜಾಳಿಗೆಗೆ ಬಂದದ್ದನ್ನು ಬಿಳಿ ತಟ್ಟೆಗೆ ಸುರಿಯಬೇಕು, ಒಂದೊಂದನ್ನೂ ಗುರುತಿಸಿ ಬರೆಯಬೇಕು. ಪ್ರತಿ ಜಾತಿಗೂ ಸಾಲಿಯ ಪರೀಕ್ಷೆಯಂತೆ ಅಂಕ. ಮೂರು ಬಾಲದ್ದಕ್ಕೆ ಹತ್ತು, ಮರಳಮನೆಯದಕ್ಕೂ ಹತ್ತು, ಏರೋಪ್ಲೇನ್ ಮರಿಗೆ ಎಂಟು, ಶಂಖಕ್ಕೆ ಮೂರು, ಕೆಂಪು ಹುಳಕ್ಕೆ ಎರಡು. ಕೂಡಿಸಿದರೆ ನೀರಿನ ಬಣ್ಣ ಬಯಲು. ಮೇಲೆ ಅರವತ್ತು ದಾಟುತ್ತಿತ್ತು, ಕೇರಿಯ ಹತ್ತಿರ ಐದೂ ಆಗುತ್ತಿರಲಿಲ್ಲ. ಮೇಡಂ ಎಲ್ಲ ಬರೆದು ಇಲಾಖೆಗೆ ಕಳಿಸಿದರು. ಏಳು ಸಲ ಓಡಾಡಿದರು. ಕಡೆಗೆ, ನಮ್ಮ ಕಣ್ಣೆದುರು ನಮ್ಮ ಮನುಷ್ಯನೇ ಸೋಸುತ್ತಾನೆ, ಬಂದ ಅಂಕವನ್ನು ಎರಡೂ ಕಡೆಯವರು ಒಪ್ಪಬೇಕು ಎಂದು ಇಲಾಖೆ ಮಂಗಳವಾರದ ದಿನ ಕೊಟ್ಟಿತು.

ಭಾನುವಾರ ಅಂಬರೀಷ ಬಿಳಿ ತಟ್ಟೆಯನ್ನು ಕೇರಿಗೇ ಹೊತ್ತು ತಂದ. ಮೇಲಿನ ಹಳ್ಳದ ಹುಳಗಳನ್ನು ಅದರಲ್ಲಿ ಬಿಟ್ಟು, ಹೆಂಗಸರನ್ನೆಲ್ಲ ಕರೆದು, ಇದಕ್ಕೆ ಇಷ್ಟು ಅಂಕ, ಅದಕ್ಕೆ ಅಷ್ಟು ಎಂದು ಮಾಸ್ತರನ ಹಾಗೆ ತೋರಿಸಿದ. ಅಪ್ಪಿತಪ್ಪಿ ಅವನೂ ಏನೋ ಕಲಿತಿದ್ದನಲ್ಲ, ತೋರಿಸುವ ಆಸೆ. ಹಂಗಾದರೆ ನಮ್ಮ ಹಳ್ಳದಲ್ಲಿ ಇವು ಸಿಗದಿದ್ದರೆ ಏನೆಂದು ಯಂಕವ್ವ ಕೇಳಿದಳು. ಸಿಕ್ಕರೆ ಪಾಸು, ಸಿಗದಿದ್ದರೆ ಫೇಲು ಎಂದ. ಫೇಲಾದರೆ ಏನು ಮಾಡುತ್ತಾರೆ ಎಂದು ನಾಹಿದಾ ಕೇಳಿದಳು. ನಾಹಿದಾ ಪಕ್ಕದ ಮನೆಯವಳು, ಯಂಕವ್ವನ ಜೊತೆ ಇಪ್ಪತ್ತು ವರ್ಷ ಚೀಲ ಹಿಂಡಿದವಳು. ಬಂದ್ ಮಾಡಸ್ತಾರ, ಮತ್ತೇನ ಮಾಡ್ತಾರ, ಎಂದವನೇ ಅಂಬರೀಷ ತಟ್ಟೆ ಎತ್ತಿಕೊಂಡು ಹೋಗಿಬಿಟ್ಟ. ಏನು ಬಂದ್, ಯಾರದು ಬಂದ್, ಹೇಳಲಿಲ್ಲ. ಅವನ ಪಾಲಿಗೆ ಅದು ಹೇಳಬೇಕಾದ ಮಾತೇ ಆಗಿರಲಿಲ್ಲ. ಮಂಗಳವಾರ ಕೆಲಸಕ್ಕೆ ಸೂಟಿ ಬೇಕಾಗಿ ಸೋಮವಾರ ಎರಡು ಪಾಳಿ ಕಾರು ತೊಳೆದು, ಬಂದು ಬಿದ್ದವನಿಗೆ ಮೈಮೇಲೆ ಎಚ್ಚರವಿರಲಿಲ್ಲ.

ಮಂಗಳವಾರ ಹತ್ತಕ್ಕೆ ಜೀಪು ಬಂತು. ಅಧಿಕಾರಿ ವಯಸ್ಸಾದ ಮನುಷ್ಯ, ಮಾತು ಕಡಿಮೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಇಳಿದರು. ಗುರುಪಾದ ಮೊದಲೇ ಬಂದು ಅವರಿಗೆ ಕುರ್ಚಿ, ಕೊಡೆ, ಚಹಾದ ಥರ್ಮಾಸು ಎಲ್ಲ ಹಚ್ಚಿಸಿದ್ದ, ಬೀಗರ ಮನೆಯ ಹಿರಿಯನ ಹಾಗೆ. ಹೆಂಗಸರು ದಂಡೆಯ ಮೇಲೆ ಸಾಲಾಗಿ ಕೂತಿದ್ದರು. ಒಬ್ಬರೂ ಚೀಲ ಮುಟ್ಟಿರಲಿಲ್ಲ, ಒಗೆದ ಸೀರೆ ಉಟ್ಟಿದ್ದರು. ಇಲಾಖೆಯ ಆಳು ನೀರಿಗಿಳಿದು ಗಡಿಯಾರ ನೋಡಿ ಮೂರು ನಿಮಿಷ ತಳ ಕೆದರಿದ. ತಟ್ಟೆಗೆ ಸುರಿದ.

ತಟ್ಟೆಯ ನಡುವೆ ಮೂರು ಬಾಲದ್ದೊಂದು ಮೆಲ್ಲಗೆ ಮೈ ಅಲುಗಿಸಿತು.

ಅಂಬರೀಷ ಕಣ್ಣುಜ್ಜಿಕೊಂಡ. ಪಕ್ಕದಲ್ಲಿ ಮರಳಮನೆಯದು. ಏರೋಪ್ಲೇನ್ ಮರಿ. ಮೂರು ಶಂಖ, ಕಾಲು ಮುರಿದ ಒಂದು ಏಡಿ, ಬೇರೆ ಬೇರೆ ಜಾತಿಯ ಇನ್ನೂ ನಾಲ್ಕೈದು ಹುಳ. ಅಧಿಕಾರಿ ಕನ್ನಡಕ ಏರಿಸಿ ಒಂದೊಂದರ ಮುಂದೂ ಗುರುತು ಹಾಕುತ್ತ ಹೋದರು. ಆ ಫಾರಮ್ಮಿನಲ್ಲಿ ಎಷ್ಟಿವೆ ಎಂದು ಕೇಳುವುದಿಲ್ಲ, ಇದೆಯೋ ಇಲ್ಲವೋ ಅಷ್ಟೇ. ಒಂದಿದ್ದರೂ ಪೂರ್ತಿ ಅಂಕ. ಕೂಡಿಸಿದರು. ಐವತ್ತೆಂಟು. “ಉತ್ತಮ,” ಎಂದು ಬರೆದರು.

ಸೌಮ್ಯಾ ಮೇಡಂ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಹದಿನಾಲ್ಕು ತಿಂಗಳ ಕಾಗದ ಅವರ ಕಂಕುಳಲ್ಲೇ ಇತ್ತು. ಗುರುಪಾದ ಅವರಿಗೊಂದು ಕಪ್ಪು ಚಹಾ ಹಿಡಿದು, ತಗೊಳ್ರಿ ಮೇಡಂ, ನೀವೂ ಭಾಳ ತ್ರಾಸ ತಗೊಂಡೀರಿ ಎಂದ.

ಆಗ ಅಂಬರೀಷನಿಗೆ ತಟ್ಟೆಯ ಮೂಲೆಯಲ್ಲಿ ಹಳದಿ ಅಕ್ಕಿಕಾಳು ಕಂಡವು. ನಾಲ್ಕಾರು ಕಾಳು, ಒಂದು ಹಸಿರು ಬಳೆ, ನೆನೆದ ಎಲೆಯಡಿಕೆ. ಕೇರಿಯ ಬಾವಿ ಕೆಟ್ಟು ಮುಚ್ಚುವ ತನಕ, ಪ್ರತಿ ಬೇಸಿಗೆ ಹೂಳು ತೆಗೆದ ಮೇಲೆ ಹೆಂಗಸರು ಮೇಲಿನ ಹಳ್ಳದಿಂದ ಕೊಡದಲ್ಲಿ ಮೀನು, ಏಡಿ, ಶಂಖ ತಂದು, ಗಂಗವ್ವನಿಗೆ ಉಡಿ ತುಂಬಿ ಬಾವಿಗೆ ಬಿಡುತ್ತಿದ್ದರು. ಬಾವಿಗೆ ಜೀವ ಬಿಡೋದು ಎಂದೇ ಅದಕ್ಕೆ ಹೆಸರು. ಜೀವ ಇಲ್ಲದ ನೀರು ಕುಡಿಯಬಾರದು, ಕುಡಿಸಬಾರದು. ಅದನ್ನು ಮುಂದೆ ನಿಂತು ಮಾಡಿಸುತ್ತಿದ್ದವಳು ಯಂಕವ್ವ.

ದಂಡೆಗೆ ತಿರುಗಿ ನೋಡಿದ. ಮುದುಕಿ ಅವನನ್ನೇ ನೋಡುತ್ತಿದ್ದಳು, ಮದುವೆಯಲ್ಲಿ ಅಡುಗೆ ರುಚಿಯಾಯಿತೇ ಎಂದು ಕಾಯುವವಳ ಹಾಗೆ.

“ಎಷ್ಟ ಬಂದ್ವೋ ಅಂಬ್ಯಾ ನಂಬರಾ? ಪಾಸಾದ್ವಿಲ್ಲೋ?”

ಅವನಿಗೆ ಮುಂದೇನಾಯಿತೋ ಸರಿಯಾಗಿ ನೆನಪಿಲ್ಲ. ದಂಡೆ ಏರಿ ಹೋಗಿ ಅವಳ ಮುಂದೆ ನಿಂತದ್ದು, ಬಾಯಿಗೆ ಬಂದದ್ದನ್ನೆಲ್ಲ ಅಂದದ್ದು, ನೀಲಾ ನಡುವೆ ಬಂದರೆ ಅವಳನ್ನು ದೂಡಿದ್ದು. ಒಂದು ಮಾತು ಮಾತ್ರ ಇಡೀ ಕೇರಿಗೆ ಕೇಳಿಸಿತು: “ನಿನ್ನ ಕಾಲ ಕೊಳತ ಉದುರ್ಲಿ, ನಿನಗ ಅದ ಬರೋಬ್ಬರಿ.” ಹದಿನಾಲ್ಕು ತಿಂಗಳು ಕೂಡಿಟ್ಟದ್ದನ್ನು ಒಂದೇ ಸಂಜೆಯಲ್ಲಿ ಕೊಡದಿಂದ ಸುರಿದು ತೊಳೆದುಬಿಟ್ಟಿರಿ, ನಿಮ್ಮನ್ನು ಕೊಲ್ಲುವವನನ್ನು ನೀವೇ ಹೊತ್ತು ದಾಟಿಸಿದಿರಿ ಎಂದು ಕೂಗಿದ.

ಯಂಕವ್ವ ಅಲುಗಲಿಲ್ಲ. ಅವನ ಉಸಿರು ತೀರುವ ತನಕ ಕಾದಳು.

“ನೀ ಒಂಬತ್ತನೆತ್ತ್ಯಾಗ ಫೇಲ್ ಆದಿ,” ಎಂದಳು. “ಇವನ್ನ ಇಟಗೊಂಡ್ರ ಸಾಲಿ ರಿಸಲ್ಟ್ ಕೆಡತೈತಿ ಅಂತ ಹೆಡ್ ಮಾಸ್ತರ ದಾಖಲೆ ಹರದ ನನ್ನ ಕೈಯಾಗ ಕೊಟ್ಟ. ಮಾಸ್ತರಗ ಯಾರರ ಏನರ ಅಂದ್ರ? ಹ್ವಾದ ವರ್ಷ ಕೆರಿ ದಂಡಿ ಮ್ಯಾಲ ಗುಡಸಲಾ ಹಾಕ್ಕೊಂಡಿದ್ದ ಮಂದೀನ ನೀರ ಛಲೋ ಇಲ್ಲ ಅಂತ ಬರದ ಅಲ್ಲಿಂದ ಎತ್ತಿ ಒಗದ್ರು. ನೀರ ಕೆಡಿಸಿದವಗ ಏನಾತು? ಫೇಲ್ ಆದವ್ರನ್ನ ಹೊರಗ ಹಾಕ್ತಾರಪ್ಪ. ಬಂದ್ ಮಾಡಸ್ತಾರ ಅಂದಿ ನೀನ. ನಮ್ಮನ್ನ ಬಿಟ್ಟ ಇಲ್ಲಿ ಬಂದ್ ಮಾಡಾಕ ಮತ್ತೇನೈತಿ?”

ಅಂಬರೀಷ ಈಗ ಯಾರ ಮೇಲೆ ಹಾಯಬೇಕು? ಮುದುಕಿಯ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅಷ್ಟರಲ್ಲಿ ಅಧಿಕಾರಿ ಎದ್ದು ಬಂದಿದ್ದರು. ಗದ್ದಲ ಎಲ್ಲರಿಗೂ ಕೇಳಿಸಿತ್ತಲ್ಲ. ನೀವು ಹೊರಗಿನ ಹುಳ ತಂದು ಬಿಟ್ಟಿದ್ದೀರಾ ಎಂದು ಕೇಳಿದರು. ಹೌದು ಎಂದಳು ನಾಹಿದಾ. ಹಾಗಿದ್ದರೆ ಈ ತಪಾಸಣೆ ಊರ್ಜಿತವಲ್ಲ, ಸ್ಯಾಂಪಲ್ ಕೆಡಿಸಲಾಗಿದೆ ಎಂದು ಬರೆಯಬೇಕಾಗುತ್ತದೆ, ಇನ್ನೊಂದು ದಿನ ಯಾವಾಗ ಸಿಗುತ್ತದೋ ಹೇಳಲಾಗದು ಎಂದರು. ಗುರುಪಾದ ಥರ್ಮಾಸಿನ ಮುಚ್ಚಳ ತಿರುವುತ್ತ, ಬರೀರಿ ಸರ್, ಅದನ್ನ ಬರೀರಿ, ಈ ಮೇಡಂ ಹಿಂದ ಬರಕೊಂಡಿದ್ದೂ ಹಿಂಗ ಇರಬೇಕು ಎಂದ. ಮೇಡಂ ಕಂಕುಳಲ್ಲಿದ್ದ ಕಾಗದ ತೆಗೆದು ಅಧಿಕಾರಿಯ ಮುಂದೆ ಹಿಡಿದರು.

“ಬರ್ಯೂಕಿಂತ ಮೊದಲ ಎಣಸ್ರಿ ಸಾಹೇಬ್ರ,” ಎಂದಳು ಯಂಕವ್ವ.

ಏನನ್ನು ಎಣಿಸಬೇಕು ಎಂದರು ಅವರು.

“ನಿನ್ನಿ ಸಂಜಿಮುಂದ ಇಪ್ಪತ್ತೆಂಟ ಕೊಡ ಬಿಟ್ಟೇವಿ. ಕೊಡಕ್ಕ ಒಂದ ಬೊಗಸಿ ಶಂಖ, ಹತ್ತ ಏಡಿ, ಉಳದದ್ದ ಲೆಕ್ಕಿಲ್ಲ. ಹಳ್ಯಾಗಿನ ಹೆಂಗಸ್ರು ನಾವು, ಜೀವಾ ಹೆಂಗ ಬಿಡಬೇಕ ನಮಗ ಗೊತ್ತೈತಿ. ಇಲ್ಲೇ ಈ ಕಲ್ಲಿನ ಮಗ್ಗಲಾಗ ಬಿಟ್ಟೇವಿ. ತಾಟಿನ್ಯಾಗ ಮೂರ ಶಂಖ, ಒಂದ ಏಡಿ ಅದಾವು. ಉಳದಾವು ಎಲ್ಲಿ ಹೋದುವು?”

ಹರಿದು ಹೋಗಿರಬಹುದು ಎಂದರು ಅಧಿಕಾರಿ. ಹರಿದು ಹೋಗಲು ಅಲ್ಲಿ ದಾರಿ ಇರಲಿಲ್ಲ. ತೊಳೆಯುವ ಚೀಲ ತೇಲಿ ಹೋಗದಂತೆ ಹೆಂಗಸರು ಇಪ್ಪತ್ತು ಮಾರು ಕೆಳಗೆ ಹಳ್ಳಕ್ಕೆ ಅಡ್ಡ ಬಲೆ ಕಟ್ಟಿರುತ್ತಾರೆ. ಯಂಕವ್ವ ಎದ್ದು ಆ ಕಡೆ ನಡೆದಳು, ಹಿಂದೆ ಉಳಿದವರು. ಅಂಬರೀಷ ನೀರಿಗಿಳಿದು ಬಲೆಯ ತುದಿ ಬಿಚ್ಚಿ ದಂಡೆಗೆ ಎಳೆದ. ಅದು ಮೈಲಿಗೆ ಬಟ್ಟೆಯ ಗಂಟಿನಷ್ಟು ಭಾರವಾಗಿತ್ತು. ಬಿಚ್ಚಿ ಹರವಿದರು.

ಏಡಿಗಳೆಲ್ಲ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಶಂಖಗಳು ಬಾಯಿ ಬಿಟ್ಟಿದ್ದವು. ಮೀನಮರಿಗಳ ಕಣ್ಣು ಹಾಲಿನ ಬಣ್ಣಕ್ಕೆ ತಿರುಗಿತ್ತು. ಅಧಿಕಾರಿ ಮೊದಲ ಸಲ ಕರವಸ್ತ್ರವನ್ನು ಮೂಗಿನಿಂದ ತೆಗೆದು ಜೇಬಿಗೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತರು. ಅವರ ಆಳು ಎಣಿಸತೊಡಗಿದ. ಇನ್ನೂರರ ಮೇಲೆ ಏಡಿ ಆದಾಗ ಅವರೇ ಸಾಕು ಎಂದರು.

ಗುರುಪಾದನಿಗೆ ಸುಮ್ಮನಿರಲಾಗಲಿಲ್ಲ.

“ಇದಕ್ಕ ನಾವು ಹೆಂಗ ಜವಾಬ್ದಾರ್ರಿ ಸರ್? ನಾವು ನಿನ್ನಿ ಮಧ್ಯಾಹ್ನದಿಂದನ ಪೈಪು ಬಂದ್ ಇಟ್ಟೇವಿ.”

ಆಡಿದ್ದು ಏನೆಂದು ಗುರುಪಾದನಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು.

“ಯಾವ ಪೈಪ್ರಿ?” ಎಂದರು ಸೌಮ್ಯಾ ಮೇಡಂ.

ಅಧಿಕಾರಿ ತಮ್ಮ ಫಾರಮ್ಮನ್ನು ಮುಂದೆ ಹಿಂದೆ ತಿರುವಿ ನೋಡಿದರು. ಸತ್ತದ್ದನ್ನು ಬರೆಯಲು ಇದರಲ್ಲಿ ಜಾಗವಿಲ್ಲ ಎಂದರು. ಜಾಗ ಇಲ್ಲದಿದ್ದರೆ ಮಾಡ್ರಿ, ಎಂದು ಅಂಬರೀಷ ಜೀಪಿಗೂ ಅವರಿಗೂ ನಡುವೆ ಹೋಗಿ ನಿಂತ. ಕೈ ಎತ್ತಲಿಲ್ಲ. ಎತ್ತಬಾರದೆಂದು ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡಿದ್ದ. ಅವರು ಅವನನ್ನು ನೋಡಿದರು, ಹರವಿದ ಬಲೆಯನ್ನು ನೋಡಿದರು, ಏನೋ ಲೆಕ್ಕ ಹಾಕಿದರು. ಆಳಿಗೆ ಬಿಳಿ ಹಾಳೆ ತರಲು ಹೇಳಿದರು. ಪಂಚನಾಮೆ ಮಾಡೋಣ ಎಂದರು. ಆದರೆ ಹೆಂಗಸರ ಕಡೆ ತಿರುಗಿ ಇದನ್ನೂ ಹೇಳಿದರು: ಇದಕ್ಕೆ ಸಹಿ ಹಾಕಿದರೆ ನೀವು ಸರಕಾರಿ ತಪಾಸಣೆಯಲ್ಲಿ ಕೈ ಹಾಕಿದ್ದನ್ನು ಒಪ್ಪಿಕೊಂಡಂತೆ. ನಾಳೆ ನಿಮ್ಮ ಮೇಲೂ ಬರಬಹುದು.

ಗುರುಪಾದ ಆಗಲೇ ಫೋನು ಕಿವಿಗೆ ಹಚ್ಚಿಕೊಂಡು ದೂರ ಹೋಗಿದ್ದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಎದ್ದವಳು ನಾಹಿದಾ.

“ನಂದು ಏಳ ಕೊಡ,” ಎಂದಳು. “ಹೆಸರಿನ ಮುಂದ ಅದನ್ನೂ ಬರೀರಿ.”

ಅಧಿಕಾರಿ ಬರೆದರು. ಮುಗಿಸಿ ಹಾಳೆ ಮುಂದೆ ಮಾಡಿದರು. ಯಂಕವ್ವ ಹೆಬ್ಬೆಟ್ಟು ಮುಂದೆ ಮಾಡಲಿಲ್ಲ. ಅಂಬ್ಯಾ ಓದಲಿ ಎಂದಳು, ಅವನ ಕಡೆ ನೋಡದೆ.

ಅಂಬರೀಷ ಓದಿದ. ಸಾಲಿ ಬಿಟ್ಟ ಮೇಲೆ ಅವನು ಹತ್ತು ಮಂದಿಯ ಎದುರು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಎಡವಿದ, ಹಿಂದೆ ಹೋದ, ಮತ್ತೆ ಓದಿದ. ‘ಕೆಲವು ಜಲಚರಗಳು ಮೃತಪಟ್ಟಿರುವುದು ಕಂಡುಬಂದಿದೆ’ ಎಂಬಲ್ಲಿ ನಿಂತ.

“ಕೆಲವು ಅಲ್ರಿ. ಇಪ್ಪತ್ತೆಂಟು ಕೊಡ. ಇನ್ನೂರಾ ಹನ್ನೊಂದು ಏಡಿ ಎಣಿಸಿ ನಿಲ್ಲಿಸಿದ್ರಿ, ಅದನ್ನ ಬರೀರಿ. ಪೈಪಿನ ಮಾತು ಎಲ್ಲೈತ್ರಿ ಇದರಾಗ?”

ಅಧಿಕಾರಿಯ ಹುಬ್ಬು ಗಂಟಾಯಿತು. ಪೆನ್ನಿನ ಮುಚ್ಚಳ ಹಾಕಿದರು. ಅಂಬರೀಷ ಹಾಳೆಯನ್ನು ಹಿಡಿದೇ ಇದ್ದ, ಕೊಡಲಿಲ್ಲ, ಹರಿಯಲಿಲ್ಲ. ಹಳ್ಳದ ನೀರು ಬಲೆಯಿಲ್ಲದ ಜಾಗದಲ್ಲಿ ಸದ್ದು ಮಾಡಿ ಹರಿಯುತ್ತಿತ್ತು. ಕಡೆಗೆ ಅವರು ಹಾಳೆ ಈಸಿಕೊಂಡು ಕೆಲವು ಎಂಬುದನ್ನು ಹೊಡೆದು ಹಾಕಿದರು, ಮೇಲೆ ಅಂಕಿ ಬರೆದರು, ತಿದ್ದಿದಲ್ಲಿ ಸಣ್ಣ ಸಹಿ ಮಾಡಿದರು. ಕೆಳಗೆ ಎರಡು ಸಾಲು ಸೇರಿಸಿದರು: ನಿನ್ನೆ ಮಧ್ಯಾಹ್ನದಿಂದ ಪೈಪು ಬಂದ್ ಇಟ್ಟಿರುವುದಾಗಿ ಶೆಡ್ಡಿನ ಮ್ಯಾನೇಜರರು ಎಲ್ಲರ ಸಮಕ್ಷಮ ಹೇಳಿರುತ್ತಾರೆ, ಪೈಪಿನ ಜಾಗವನ್ನು ಈ ಕೂಡಲೇ ಪರಿಶೀಲಿಸಲಾಗುವುದು. ಅಂಬರೀಷ ಅದನ್ನೂ ಗಟ್ಟಿಯಾಗಿ ಓದಿದ. ಆಮೇಲೆ ಹನ್ನೊಂದು ಹೆಂಗಸರು ಸರದಿಯಲ್ಲಿ ಬಂದರು. ನೀಲಾ ಮತ್ತು ಇನ್ನಿಬ್ಬರು ಸಹಿ ಮಾಡಿದರು, ಉಳಿದವರದು ಹೆಬ್ಬೆಟ್ಟು.

ಅಧಿಕಾರಿ, ಮೇಡಂ, ಇಲಾಖೆಯ ಆಳು ಜಾಲಿಕಂಟಿಯ ಕಡೆ ಹೊರಟರು. ದಾರಿ ತೋರಿಸಲು ನೀಲಾ ಮುಂದೆ ನಡೆದಳು. ಅಂಬರೀಷನೂ ಹೋಗಬೇಕಿತ್ತು. ಹೋಗದೆ ಅಜ್ಜಿಯ ಹತ್ತಿರ ಬಂದ. ಯಂಕವ್ವ ಹೆಬ್ಬೆಟ್ಟಿನ ಮಸಿಯನ್ನು ಕಲ್ಲಿಗೆ ತಿಕ್ಕುತ್ತಿದ್ದಳು.

“ಆಯಿ, ನಾ ಆಗ ಅಂದಿದ್ದು…”

“ಅಂದಿ. ಆತು,” ಎಂದಳು ಅವಳು. “ಕಾಗದದಾಗ ಬರದದ್ದಾಗಿದ್ರ ಹೊಡದ ಹಾಕಬಹುದಿತ್ತು.”

ಅಂಬರೀಷನ ಸಿಟ್ಟು ಅಲ್ಲೇ ಇತ್ತು, ಎದೆಗೂಡಿನಲ್ಲಿ ಕುದಿಯುತ್ತಲೇ ಇತ್ತು, ಆದರೆ ಅದಕ್ಕೆ ಈಗ ಒಂದೇ ಮುಖ ಇರಲಿಲ್ಲ. ಮುದುಕಿ ಸೀರೆಯ ನೆರಿಗೆ ಎತ್ತಿ ನಡುವಿಗೆ ಸಿಗಿಸಿಕೊಂಡಳು. ಗಾಡಿ ನಾಲ್ಕಕ್ಕೇ ಬರುತ್ತದೆ, ಇನ್ನೂ ಒಂದು ಚೀಲಕ್ಕೂ ನೀರು ಮುಟ್ಟಿಸಿಲ್ಲ, ನಿಂತಿದ್ದೀಯಲ್ಲ, ಆ ಚೀಲದ ಗಂಟು ಬಿಚ್ಚಿ ಕೊಡು ಎಂದಳು.

ಗಂಟು ಬಿಗಿಯಾಗಿತ್ತು. ಉಗುರಿಗೆ ಬಗ್ಗಲಿಲ್ಲ. ಅಂಬರೀಷ ಮಂಡಿಯೂರಿ ಹಗ್ಗಕ್ಕೆ ಹಲ್ಲು ಹಚ್ಚಿದ.